ತಂದೆಯವರ ಹಳೆಯ .22 ವಾಲ್ಥರ್ ಪಿಸ್ತೂಲು: ಬೀಗ ಹಾಕಿ ಇಡಬೇಕೆ, ರೇಂಜಿನಲ್ಲಿ ಹಾರಿಸಬೇಕೆ?

ಕೋಥ್ರೂಡ್ ನಿವಾಸಿ, ಪುಣೆ

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರ ಪರವಾನಗಿಯಲ್ಲಿ ಒಂದು ವಾಲ್ಥರ್ ಪಿ.ಪಿ. ಪಿಸ್ತೂಲಿದೆ. ಈ ಮಾದರಿ ನಮ್ಮಲ್ಲಿ ಸಾಮಾನ್ಯವಾಗಿ .32 ಬೋರಿನಲ್ಲಿ (ಬೋರ್ ಎಂದರೆ ನಳಿಗೆಯ ಒಳ ಅಳತೆ) ಕಾಣಸಿಗುತ್ತದೆ, ಆದರೆ ನಮ್ಮದು .22 ಲಾಂಗ್ ರೈಫಲ್ ತೋಟೆಯದು. ಸ್ಲೈಡಿನ, ಅಂದರೆ ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಲೋಹದ ಭಾಗದ, ಮೇಲೆ ಜರ್ಮನಿಯ ಜೆಲ್ಲಾ-ಮೆಹ್ಲಿಸ್ ಎಂಬ ಊರಿನ ಹೆಸರಿದೆ, ಬಲಬದಿಯಲ್ಲಿ ಕಿರೀಟ ಮತ್ತು ಅದರ ಕೆಳಗೆ ರೋಮನ್ ಲಿಪಿಯ ಎನ್ ಅಕ್ಷರದ ಸಣ್ಣ ಮುದ್ರೆಯಿದೆ. ತಂದೆಯವರಿಗೆ ಎಪ್ಪತ್ತು ದಾಟಿದೆ. ಇನ್ನು ಮುಂದೆ ಅದನ್ನು ನಾನೇ ನೋಡಿಕೊಳ್ಳಬೇಕೆಂದು ಅವರ ಇಚ್ಛೆ.

ಬೊರಿವಲಿಯಲ್ಲಿರುವ ಅಣ್ಣ, ಇಷ್ಟು ಹಳೆಯದನ್ನು ಹಾರಿಸುವುದು ಅಪಾಯ, ಎಣ್ಣೆ ಹಚ್ಚಿ ಬೀಗ ಹಾಕಿಡು ಎನ್ನುತ್ತಾನೆ. ನನಗೆ ಮಾತ್ರ ಶೂಟಿಂಗ್ ಕ್ಲಬ್ಬಿಗೆ ಸೇರಿ, ಕ್ರಮವಾಗಿ ಕಲಿತು, ಕಾಗದದ ಗುರಿಗೆ ಹೊಡೆಯುವ ಆಸೆಯಿದೆ. ಪರವಾನಗಿ ನನ್ನ ಹೆಸರಿಗೆ ಬರುವ ಮಾರ್ಗ ಯಾವುದು, ಈಗಿನ ತೋಟೆಗಳನ್ನು ಇದರಲ್ಲಿ ಬಳಸಬಹುದೇ, ಮಳೆಗಾಲದಲ್ಲಿ ಇದನ್ನು ಹೇಗೆ ಕಾಪಾಡಬೇಕು ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಠಾಣೆಯ ವಕೀಲೆ

ಮೊದಲನೆಯ ಪ್ರಶ್ನೆಗೆ ಉತ್ತರಿಸುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಅದರ ನಂತರದ ಮಾತು. 2016ರ ಶಸ್ತ್ರಾಸ್ತ್ರ ನಿಯಮಗಳ 25ನೆಯ ನಿಯಮದ ಪ್ರಕಾರ, ಪರವಾನಗಿದಾರರು ತೀರಿಕೊಂಡ ಮೇಲಷ್ಟೇ ಅಲ್ಲ, ಅವರಿಗೆ 70 ವರ್ಷ ತುಂಬಿದಾಗ ಅಥವಾ ಆಯುಧವನ್ನು 25 ವರ್ಷ ಹೊಂದಿದ್ದಾಗ, ಇವೆರಡರಲ್ಲಿ ಯಾವುದು ಮೊದಲೋ ಆಗ, ಅವರೇ ಸೂಚಿಸಿದ ವಾರಸುದಾರರಿಗೆ ಪರವಾನಗಿ ನೀಡಲು ಅವಕಾಶವಿದೆ. ತಂದೆಯವರು ಇರುವಾಗಲೇ, ಅವರ ಸಹಿಯೊಂದಿಗೆ, ಇತರ ವಾರಸುದಾರರ ಒಪ್ಪಿಗೆಪತ್ರವನ್ನೂ ಜೊತೆಗಿಟ್ಟು ಅರ್ಜಿ ಹಾಕಿದರೆ ಮುಂದೆ ಆಗಬಹುದಾದ ಎಷ್ಟೋ ತೊಡಕುಗಳು ಈಗಲೇ ತೀರುತ್ತವೆ. ಅಣ್ಣನವರ ಒಪ್ಪಿಗೆ ಇಲ್ಲಿ ಮುಖ್ಯವಾದದ್ದರಿಂದ ಅವರೊಡನೆ ವಾದಕ್ಕಿಳಿಯುವ ಬದಲು ಕುಳಿತು ಮಾತನಾಡಿ. ಕೋಥ್ರೂಡ್ ಪುಣೆ ನಗರ ಪೊಲೀಸ್ ಆಯುಕ್ತಾಲಯದ ವ್ಯಾಪ್ತಿಯಲ್ಲಿರುವುದರಿಂದ ಅರ್ಜಿ ಅಲ್ಲಿಗೇ ಹೋಗಬೇಕು. ಸುರಕ್ಷತಾ ತರಬೇತಿಯ ಪ್ರಮಾಣಪತ್ರವೂ ಬೇಕಾಗುತ್ತದೆ, ಅದು ಎಸ್-1 ನಮೂನೆಯಲ್ಲಿ ಬರುತ್ತದೆ.

ಇನ್ನೊಂದು ಸಂಗತಿ. ಶಸ್ತ್ರಾಸ್ತ್ರ ಕಾಯಿದೆಯ 2019ರ ತಿದ್ದುಪಡಿಯ ನಂತರ ಒಬ್ಬರ ಬಳಿ ಗರಿಷ್ಠ ಎರಡು ಬಂದೂಕುಗಳಿಗೆ ಮಾತ್ರ ಅವಕಾಶವಿದೆ, ಪಿತ್ರಾರ್ಜಿತವಾಗಿ ಬಂದದ್ದೂ ಆ ಲೆಕ್ಕಕ್ಕೆ ಸೇರುತ್ತದೆ. ಪರವಾನಗಿ ನಿಮ್ಮ ಕೈಸೇರುವವರೆಗೆ ತಂದೆಯವರ ಪಿಸ್ತೂಲನ್ನು ನೀವು ರೇಂಜಿಗೆ ಒಯ್ದು ಹಾರಿಸುವಂತಿಲ್ಲ. ಪರವಾನಗಿ ಇಲ್ಲದವರು ಪರವಾನಗಿದಾರರ ಸಮಕ್ಷಮದಲ್ಲಿ ಅಥವಾ ಅವರ ಲಿಖಿತ ಅನುಮತಿಯ ಮೇರೆಗೆ ಆಯುಧವನ್ನು ಒಯ್ಯಲು ಕಾಯಿದೆಯ 3ನೆಯ ಸೆಕ್ಷನ್ ಬಿಡುತ್ತದೆ ನಿಜ. ಆದರೆ ಅದು ರಿಪೇರಿಗೆ, ನವೀಕರಣಕ್ಕೆ ಅಥವಾ ಪರವಾನಗಿದಾರರ ಸ್ವಂತ ಬಳಕೆಗೆ ಮಾತ್ರ.

ಡೊಂಬಿವಲಿಯ ಹಿರಿಯ

ಇಷ್ಟೆಲ್ಲ ಓಡಾಟ ಏಕೆ? ಎಂಬತ್ತು ವರ್ಷ ದಾಟಿದ ಆಯುಧವು ಪುರಾತನ ವಸ್ತುವಾಗುತ್ತದೆ, ಅದಕ್ಕೆ ಪರವಾನಗಿಯೇ ಬೇಡ ಎಂದು ನಮ್ಮ ಕಡೆ ಬಹಳ ಜನ ಹೇಳುವುದನ್ನು ಕೇಳಿದ್ದೇನೆ.

ಠಾಣೆಯ ವಕೀಲೆ

ಹಿರಿಯರೇ, ಈ ಮಾತನ್ನು ನಂಬಿ ಮನೆಯಲ್ಲಿ ಆಯುಧ ಇಟ್ಟುಕೊಂಡವರು ಕ್ರಿಮಿನಲ್ ಮೊಕದ್ದಮೆ ಎದುರಿಸಬೇಕಾಗುತ್ತದೆ. ಕಾಯಿದೆಯ 45ನೆಯ ಸೆಕ್ಷನ್ನಿನ ವಿನಾಯಿತಿಗೆ ಬರೀ ವಯಸ್ಸು ಸಾಲದು. ಆಯುಧವು ಹಳೆಯ ಮಾದರಿಯದೋ ಪುರಾತನ ಮೌಲ್ಯದ್ದೋ ಕೆಟ್ಟುಹೋದದ್ದೋ ಆಗಿರಬೇಕು, ಅದರ ಜೊತೆಗೆ ರಿಪೇರಿ ಮಾಡಿದರೂ ಬಿಟ್ಟರೂ ಬಂದೂಕಾಗಿ ಬಳಸಲು ಬಾರದ ಸ್ಥಿತಿಯಲ್ಲಿರಬೇಕು. ಇವರ ಪಿಸ್ತೂಲು ಚೆನ್ನಾಗಿ ಕೆಲಸ ಮಾಡುವ ಸ್ಥಿತಿಯಲ್ಲಿದೆ. ಪರವಾನಗಿ ಇಲ್ಲದೆ ಬಂದೂಕು ಹೊಂದಿರುವುದಕ್ಕೆ ಈಗ ಎರಡರಿಂದ ಐದು ವರ್ಷದ ಸೆರೆವಾಸವಿದೆ.

ವರಳಿಯ ಹಳಬ, ಮುಂಬಯಿ

ಕಿರೀಟ ಮತ್ತು ಎನ್ ಅಕ್ಷರದ ಮುದ್ರೆ ಜರ್ಮನಿಯ ಪರೀಕ್ಷಾಲಯದ್ದು. 1940ರಿಂದ ಕಿರೀಟದ ಜಾಗದಲ್ಲಿ ಹದ್ದು ಬಂದಿತು, ಆದ್ದರಿಂದ ನಿಮ್ಮದು ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಅಥವಾ ಅದರ ಮೊದಲ ತಿಂಗಳುಗಳ ತಯಾರಿಕೆ. ಪಿ.ಪಿ. ಮಾದರಿ ಬಂದದ್ದೇ 1929ರಲ್ಲಿ. ಹಾಗಾಗಿ ನಿಮ್ಮ ಪಿಸ್ತೂಲಿನ ಕಾಲ ಸರಿಸುಮಾರು ಹತ್ತು ವರ್ಷಗಳ ಅಂತರದಲ್ಲಿ ಸಿಕ್ಕಿತು. ಪಿಸ್ತೂಲಿನ ಕ್ರಮಸಂಖ್ಯೆಯ ಕೊನೆಯಲ್ಲಿ ರೋಮನ್ ಲಿಪಿಯ ಪಿ ಅಕ್ಷರವಿದ್ದರೆ ಆ ಅವಧಿಯ ಕೊನೆಯ ಭಾಗದ್ದೆಂದು ತಿಳಿಯಬಹುದು.

ಹಾರಿಸಬಹುದೇ ಎಂಬುದಕ್ಕೆ ನನ್ನ ಉತ್ತರ: ಪರೀಕ್ಷಿಸಿದ ಮೇಲೆ, ಮೃದುವಾದ ತೋಟೆಯಲ್ಲಿ, ಧಾರಾಳವಾಗಿ ಹಾರಿಸಿ. ಇದು ಬ್ಲೋಬ್ಯಾಕ್ ವಿಧಾನದ ಪಿಸ್ತೂಲು. ನಳಿಗೆಯನ್ನು ಚೌಕಟ್ಟಿಗೆ ಬಿಗಿಯಾಗಿ ಕೂರಿಸಲಾಗಿದೆ, ಸ್ಲೈಡಿಗೆ ಯಾವ ಬೀಗವೂ ಇಲ್ಲ, ಅದರ ತೂಕ ಮತ್ತು ನಳಿಗೆಯ ಸುತ್ತ ಇರುವ ಸ್ಪ್ರಿಂಗ್ ಇವೆರಡೇ ಹಿಂದೊದೆತವನ್ನು ತಡೆಯುತ್ತವೆ. ಸ್ಪ್ರಿಂಗ್ ಬಳಲಿದ್ದರೆ ಸ್ಲೈಡು ಪ್ರತಿ ಹೊಡೆತಕ್ಕೂ ಚೌಕಟ್ಟಿಗೆ ಬಲವಾಗಿ ಬಡಿಯುತ್ತದೆ. ಅದಕ್ಕಾಗಿಯೇ ಡಬ್ಬಿಯ ಮೇಲೆ ಹೈ ವೆಲಾಸಿಟಿ ಎಂದು ಬರೆದ ತೋಟೆಗಳನ್ನು ಮುಟ್ಟಬೇಡಿ. ಸ್ಪರ್ಧೆಯವರು ಬಳಸುವ ಸ್ಟ್ಯಾಂಡರ್ಡ್ ವೆಲಾಸಿಟಿ ತೋಟೆಯ ಗುಂಡು ಶಬ್ದದ ವೇಗಕ್ಕಿಂತ ಕೆಳಗೇ ಇರುತ್ತದೆ, ಗುರಿಗೂ ಅದೇ ಒಳ್ಳೆಯದು.

ಒಂದು ಸಣ್ಣ ಆಯಸ್ಕಾಂತವನ್ನು ಹಿಡಿಕೆಯ ಮುಂಭಾಗದ ಲೋಹಕ್ಕೆ ತಾಗಿಸಿ ನೋಡಿ. ಆ ಕಾಲದಲ್ಲಿ ಕೆಲವು ಪಿ.ಪಿ.ಗಳ ಚೌಕಟ್ಟನ್ನು ಹಗುರವಾದ ಡ್ಯುರಾಲ್ಯುಮಿನ್‌ನಿಂದ ಮಾಡುತ್ತಿದ್ದರು. ಆಯಸ್ಕಾಂತ ಅಂಟದಿದ್ದರೆ ನಾನು ಮೇಲೆ ಹೇಳಿದ ಧಾರಾಳದ ಮಾತನ್ನು ಮರೆತುಬಿಡಿ. ಅಂತಹ ಚೌಕಟ್ಟಿನಲ್ಲಿ ಬಿರುಕು ಬಂದರೆ ಬೆಸುಗೆಗೂ ದಾರಿಯಿಲ್ಲ, ಅದನ್ನು ಜತನವಾಗಿ ಇಡುವುದೇ ಸರಿ.

ಖಾಲಿ ಪಿಸ್ತೂಲಿನ ಕುದುರೆ (ಬೆರಳಿನಿಂದ ಎಳೆಯುವ ಟ್ರಿಗರ್) ಎಳೆಯುವ ಅಭ್ಯಾಸವನ್ನೂ ಮಾಡಬೇಡಿ. .22ರಂತಹ ರಿಮ್‌ಫೈರ್ ತೋಟೆಯಲ್ಲಿ ಸಿಡಿಮದ್ದು ನಡುವೆ ಇರದೆ ತಳದ ಅಂಚಿನ ಮಡಿಕೆಯೊಳಗೆ ಸುತ್ತಲೂ ಇರುತ್ತದೆ, ತೋಟೆಯನ್ನು ಸಿಡಿಸುವ ಪಿನ್ನು ಆ ಅಂಚಿಗೇ ಹೊಡೆಯುತ್ತದೆ. ತೋಟೆಯೇ ಇಲ್ಲದಿದ್ದರೆ ಆ ಹೊಡೆತ ನೇರವಾಗಿ ನಳಿಗೆಯ ಬಾಯಿಯ ಉಕ್ಕಿಗೆ ಬೀಳುವ ಸಂಭವವಿದೆ. ಹಳೆಯ .22ಗಳ ಬಾಯಿಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಒಂದು ಬದಿಯಲ್ಲಿ ಸಾಸಿವೆಯಷ್ಟು ತಗ್ಗು, ಅದರ ಒಳಬದಿಗೆ ಉಬ್ಬಿದ ಚೂರು ಲೋಹ ಕಾಣುತ್ತದೆ. ತೋಟೆ ಒಳಗೆ ಪೂರ್ತಿ ಕೂರದೆ ಸಿಕ್ಕಿಕೊಳ್ಳುವುದು ಆ ಉಬ್ಬಿನಿಂದಲೇ. ನಿಮ್ಮದರಲ್ಲಿ ಇದಿದೆಯೇ ಎಂದು ಮೊದಲು ನೋಡಿಸಿ.

ಭೋಸರಿ ಯಂತ್ರಾಗಾರ

ವರಳಿಯವರ ವಿವರಣೆ ಬಹಳ ಉಪಯುಕ್ತವಾಗಿದೆ. ಸ್ಪ್ರಿಂಗ್, ಪಿನ್ನು ಇವುಗಳ ಬಗ್ಗೆ ಚಿಂತೆ ಬೇಡ. ನಮ್ಮ ಭೋಸರಿ, ಚಿಂಚವಡದ ಕಾರ್ಖಾನೆಗಳಲ್ಲಿ ಇದಕ್ಕಿಂತ ಸೂಕ್ಷ್ಮವಾದ ಭಾಗಗಳನ್ನು ದಿನನಿತ್ಯ ಮಾಡುತ್ತೇವೆ. ಅಳತೆ ಕೊಟ್ಟರೆ ಒಳ್ಳೆಯ ಉಕ್ಕಿನಲ್ಲಿ ಪಿನ್ನು ತಿರುವಿ ಹದ ಮಾಡಿಕೊಡಬಲ್ಲೆ.

ಠಾಣೆಯ ವಕೀಲೆ

ಕೌಶಲದ ಬಗ್ಗೆ ಎರಡು ಮಾತಿಲ್ಲ, ಆದರೂ ದಯವಿಟ್ಟು ಈ ಕೆಲಸಕ್ಕೆ ಕೈಹಾಕಬೇಡಿ. ಕಾಯಿದೆಯ ವ್ಯಾಖ್ಯೆಯಲ್ಲಿ ಬಂದೂಕು ಎಂದರೆ ಅದರ ಬಿಡಿಭಾಗಗಳೂ ಸೇರುತ್ತವೆ. ತಯಾರಿಕೆಗೂ ರಿಪೇರಿಗೂ ಪ್ರತ್ಯೇಕ ಪರವಾನಗಿ ಬೇಕು. ಪರವಾನಗಿ ಇರುವ ಬಂದೂಕು ರಿಪೇರಿಗಾರರ ಬಳಿಗೇ ಒಯ್ಯಬೇಕು, ಅವರಿಂದ ರಸೀದಿಯನ್ನೂ ಪಡೆಯಬೇಕು.

ಭೋಸರಿ ಯಂತ್ರಾಗಾರ

ಕಾನೂನು ಹಾಗಿದ್ದರೆ ಅದಕ್ಕೆ ತಲೆಬಾಗುತ್ತೇನೆ. ಆದರೆ ಇದು ನಮ್ಮ ದೇಶದ ಹಳೆಯ ಆಯುಧಗಳ ದೊಡ್ಡ ದುರವಸ್ಥೆ ಎಂಬುದನ್ನಾದರೂ ಒಪ್ಪಿಕೊಳ್ಳಿ. ಖಾಸಗಿಯವರ ಆಮದು 1980ರ ದಶಕದಲ್ಲೇ ನಿಂತಿತು, ಮೂಲ ಬಿಡಿಭಾಗಗಳು ಬರುವುದಿಲ್ಲ, ಪರವಾನಗಿ ಇರುವ ರಿಪೇರಿಗಾರರಲ್ಲಿ ಹಲವರು ನಾಟಿ ಕೋವಿಗಳಲ್ಲಿ ಪಳಗಿದವರೇ ಹೊರತು ಇಂತಹ ನಾಜೂಕಿನ ಯಂತ್ರದಲ್ಲಿ ಅಲ್ಲ. ಅರ ಹಿಡಿದು ಉಜ್ಜಿಬಿಟ್ಟರೆ ಆಮೇಲೆ ಯಾರೂ ಸರಿಪಡಿಸಲಾರರು. ಕೊಡುವ ಮುನ್ನ ಪ್ರತಿಯೊಂದು ಭಾಗದ ಫೋಟೋ ತೆಗೆದಿಟ್ಟುಕೊಳ್ಳಿ, ಏನು ಮಾಡಬೇಕು ಮತ್ತು ಏನು ಮಾಡಬಾರದು ಎಂಬುದನ್ನು ಬರೆದುಕೊಡಿ, ಹೊರಮೈಗೆ ಹೊಸದಾಗಿ ಬಣ್ಣ ಹಾಕಿಸಲು ಮಾತ್ರ ಒಪ್ಪಬೇಡಿ. ಮೂಲ ನೀಲಿ ಹೊಳಪು ಸವೆದಿದ್ದರೂ ಅದೇ ಅದರ ಬೆಲೆ.

ಅಂಧೇರಿಯ ಓದುಗಿ

ನನ್ನ ಅಭಿಪ್ರಾಯ ಇಲ್ಲಿ ಯಾರಿಗೂ ಹಿಡಿಸಲಿಕ್ಕಿಲ್ಲ. ಫ್ಲ್ಯಾಟಿನಲ್ಲಿ ಮಕ್ಕಳಿರುವ ಮನೆಗೆ ಪಿಸ್ತೂಲು ಏಕೆ ಬೇಕು? ನೆನಪಿಗಾಗಿಯೇ ಇಡುವುದಾದರೆ ನಳಿಗೆಗೆ ಬೆಸುಗೆ ಹಾಕಿಸಿ, ಹಾರದಂತೆ ಮಾಡಿಸಿ, ಗಾಜಿನ ಪೆಟ್ಟಿಗೆಯಲ್ಲಿಡಬಹುದಲ್ಲ. .22 ಸಣ್ಣದು ಎಂಬ ಮಾತನ್ನು ಜನ ಲಘುವಾಗಿ ಆಡುತ್ತಾರೆ. ಅದರ ಗುಂಡೂ ಪ್ರಾಣ ತೆಗೆಯುತ್ತದೆ.

ವರಳಿಯ ಹಳಬ, ಮುಂಬಯಿ

ಕೊನೆಯ ಮಾತನ್ನು ನಾನು ಅಕ್ಷರಶಃ ಒಪ್ಪುತ್ತೇನೆ, .22 ತೋಟೆಯ ಡಬ್ಬಿಯ ಮೇಲೆಯೇ ಗುಂಡು ಒಂದೂವರೆ ಕಿಲೋಮೀಟರ್ ದೂರದವರೆಗೆ ಅಪಾಯಕಾರಿ ಎಂಬ ಅರ್ಥದ ಎಚ್ಚರಿಕೆ ಇರುತ್ತದೆ. ಪಿಸ್ತೂಲು ಒಂದು ಬೀಗದಲ್ಲಿ, ತೋಟೆ ಬೇರೆ ಬೀಗದಲ್ಲಿ, ಬೀಗದ ಕೈ ಪರವಾನಗಿದಾರರ ಬಳಿಯಲ್ಲಿ ಮಾತ್ರ. ಇದಕ್ಕೆ ಒಪ್ಪದವರು ಆಯುಧ ಇಟ್ಟುಕೊಳ್ಳಲೇಬಾರದು. ಆದರೆ ಬೆಸುಗೆಯ ಸಲಹೆಯನ್ನು ಒಪ್ಪಲಾರೆ. ಒಂದು ಕಾಲದ ಕುಶಲಕರ್ಮಿಗಳು ಇಷ್ಟು ಚೆನ್ನಾಗಿ ಕೂಡಿಸಿದ ಯಂತ್ರವನ್ನು ಲೋಹದ ಮುದ್ದೆಯಾಗಿಸಿದರೆ ನೆನಪು ಉಳಿಯುವುದಿಲ್ಲ, ಅದರ ಆಕಾರ ಮಾತ್ರ ಉಳಿಯುತ್ತದೆ.

ಠಾಣೆಯ ವಕೀಲೆ

ನಿಷ್ಕ್ರಿಯಗೊಳಿಸುವುದಿದ್ದರೂ ಅದನ್ನು ಅಧಿಕಾರಿಗಳ ಅನುಮತಿಯೊಂದಿಗೇ ಮಾಡಿಸಬೇಕು. ಓಣಿಯ ಬೆಸುಗೆಯಂಗಡಿಯಲ್ಲಿ ಆಗುವ ಕೆಲಸವಲ್ಲ. ಯಾರಿಗೂ ಬೇಡವೆಂದಾದರೆ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಇರುವ ವ್ಯಾಪಾರಿಯಲ್ಲಿ ಠೇವಣಿ ಇಡುವ ದಾರಿ 21ನೆಯ ಸೆಕ್ಷನ್ನಿನಲ್ಲಿದೆ. ಅಂಧೇರಿಯವರ ಆತಂಕ ನ್ಯಾಯವಾದದ್ದು, ಅದಕ್ಕೆ ಇದು ಉತ್ತರ.

ಮಡಗಾಂವ್ ಪೈ, ಗೋವಾ

ಮಳೆಗಾಲದ ಪ್ರಶ್ನೆಗೆ ಯಾರೂ ಇನ್ನೂ ಉತ್ತರಿಸಿಲ್ಲ, ಆದ್ದರಿಂದ ಹೇಳುತ್ತೇನೆ. ಪುಣೆಯ ಮಳೆಗಿಂತ ನಮ್ಮ ಗೋವಾದ ಗಾಳಿ ಉಕ್ಕಿಗೆ ಹೆಚ್ಚು ಕೆಟ್ಟದ್ದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಇಲ್ಲಿನ ಹಳೆಯ ಮನೆಗಳಲ್ಲಿ ತೋಟ ಕಾಯುವ ಕೋವಿಗಳು ಇವತ್ತಿಗೂ ಇವೆ. ಅವುಗಳಿಗೆ ತೆಂಗಿನೆಣ್ಣೆ ಹಚ್ಚಿಡುವ ಪದ್ಧತಿಯೂ ಇದೆ. ಅದನ್ನು ಖಂಡಿತ ಅನುಸರಿಸಬೇಡಿ. ತೆಂಗಿನೆಣ್ಣೆ ಕೆಲವು ತಿಂಗಳಲ್ಲಿ ಅಂಟಾಗುತ್ತದೆ, ಪಿ.ಪಿ.ಯಂತಹ ಯಂತ್ರದಲ್ಲಿ ಆ ಅಂಟು ಪಿನ್ನಿನ ಓಟವನ್ನೇ ನಿಧಾನಿಸುತ್ತದೆ, ತೋಟೆ ಸಿಡಿಯದೆ ಹುಸಿಯಾಗುತ್ತದೆ. ತೆಳುವಾದ ಖನಿಜ ಎಣ್ಣೆ, ಬಂದೂಕಿನದೇ ಆದರೆ ಉತ್ತಮ, ಇಲ್ಲದಿದ್ದರೆ ಹೊಲಿಗೆ ಯಂತ್ರದ್ದಾದರೂ ಸಾಕು, ಬಟ್ಟೆಯಲ್ಲಿ ಒರೆಸಿದಷ್ಟೇ ಇರಬೇಕು.

ಎರಡನೆಯದು ಚರ್ಮದ ಚೀಲ. ಹಳೆಯ ಪಿಸ್ತೂಲಿನ ಜೊತೆ ಬಂದ ಚೀಲ ನೋಡಲು ಎಷ್ಟೇ ಚೆಂದವಿರಲಿ, ಅದರೊಳಗೆ ಪಿಸ್ತೂಲಿಡಬೇಡಿ. ಚರ್ಮ ಹದಮಾಡಿದ ರಾಸಾಯನಿಕಗಳೂ ಅದು ಹೀರಿಕೊಂಡ ತೇವವೂ ಸೇರಿ ಲೋಹವನ್ನು ತಿನ್ನುತ್ತವೆ. ಒಂದೇ ಮಳೆಗಾಲ ಚೀಲದಲ್ಲಿ ಕಳೆದ ಪಿಸ್ತೂಲಿನ ಸ್ಲೈಡಿನ ಮೇಲೆ ಚೀಲದ ಹೊಲಿಗೆಯ ಗುರುತು ಕಂದು ಚುಕ್ಕೆಗಳ ಸಾಲಾಗಿ ಮೂಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಛಾಯಾಗ್ರಾಹಕರು ಲೆನ್ಸ್ ಇಡಲು ಬಳಸುವ ಡ್ರೈ ಕ್ಯಾಬಿನೆಟ್ ಸಿಗುತ್ತದೆ, ತೇವಾಂಶವನ್ನು ನೂರಕ್ಕೆ 45ರ ಆಸುಪಾಸು ಇಟ್ಟರೆ ಸಾಕು. ಆದರೆ ಅದರ ಗಾಜಿನ ಬಾಗಿಲು ಬೀಗವಲ್ಲ, ಅದನ್ನು ಗಟ್ಟಿಯಾದ ಕಪಾಟಿನೊಳಗೇ ಇಡಬೇಕು. ಬೇಡವೆಂದರೆ ತಿಜೋರಿಯೊಳಗೆ ಸಿಲಿಕಾ ಜೆಲ್ ಇಡಿ. ಅದರ ಮಣಿಗಳ ಬಣ್ಣ ತಿರುಗಿದಾಗ ಬಿಸಿ ಮಾಡಿ ಒಣಗಿಸಬೇಕು. ಅದನ್ನು ಮರೆತರೆ ಇಟ್ಟೂ ಪ್ರಯೋಜನವಿಲ್ಲ.

ವಿರಾಜಪೇಟೆಯವ, ಈಗ ವಾಕಡ್

ನಮ್ಮ ಕೊಡಗಿನಲ್ಲಿ ಕೈಲ್‌ಪೊಳ್ದ್ ಎಂಬ ಆಯುಧಪೂಜೆಯ ಹಬ್ಬದ ದಿನ ಕೋವಿಗಳನ್ನು ಹೊರಗೆ ತೆಗೆದು, ಒರೆಸಿ, ಪೂಜಿಸುವುದರಿಂದ ವರ್ಷಕ್ಕೊಮ್ಮೆಯಾದರೂ ಅವುಗಳಿಗೆ ಆರೈಕೆ ಆಗಿಯೇ ಆಗುತ್ತದೆ. ಅದೂ ಮಳೆ ಇಳಿಮುಖವಾಗುವ ಸೆಪ್ಟೆಂಬರ್ ಆರಂಭದಲ್ಲಿ. ಪೈ ಅವರ ಮಾತು ಓದಿದಾಗ ಹಿರಿಯರು ಹಬ್ಬವನ್ನು ಸರಿಯಾದ ಕಾಲದಲ್ಲೇ ಇಟ್ಟಿದ್ದಾರೆ ಎನಿಸಿತು. ಕೊಡವರಿಗೂ ಜಮ್ಮಾ ಎಂಬ ಹಳೆಯ ಪದ್ಧತಿಯ ಭೂಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇರುವುದು ಎಲ್ಲರಿಗೂ ಗೊತ್ತು, 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಲಾಗಿದೆ. ಹಾಗಿದ್ದ ಮೇಲೆ ಪಿತ್ರಾರ್ಜಿತ ಪಿಸ್ತೂಲಿಗೆ ಇಷ್ಟೊಂದು ಕಾಗದಪತ್ರ ಏಕೆಂಬುದು ನನ್ನ ಪ್ರಶ್ನೆ.

ಠಾಣೆಯ ವಕೀಲೆ

ಆ ವಿನಾಯಿತಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಸಂಬಂಧಿಸಿದ್ದು, ಕೋಥ್ರೂಡ್‌ನವರ ಪಿತ್ರಾರ್ಜಿತ ಪಿಸ್ತೂಲಿಗೆ ಅಲ್ಲ. ಕೊಡಗಿನ ಹೊರಗಿರುವ ಕೊಡವರೂ ಪಿಸ್ತೂಲಿನ ವಿಷಯದಲ್ಲಿ ವಿನಾಯಿತಿಯ ಷರತ್ತುಗಳನ್ನು ಮೊದಲು ಓದಿ ನೋಡಬೇಕು.

ಬಾಲೇವಾಡಿ ಅಭ್ಯಾಸಿ

ನಾನು 25 ಮೀಟರ್ ಪಿಸ್ತೂಲ್ ಅಭ್ಯಾಸ ಮಾಡುವವಳು. ಕೊಲ್ಹಾಪುರದ ರಾಹಿ ಸರನೋಬತ್ ಅವರು 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದದ್ದು ಇದೇ ವಿಭಾಗದಲ್ಲಿ, ಇದೇ .22 ಲಾಂಗ್ ರೈಫಲ್ ತೋಟೆಯಲ್ಲಿ. ಆ ಕಾರಣಕ್ಕೆ ಈ ತೋಟೆಯ ಬಗ್ಗೆ ನನಗೆ ವಿಶೇಷ ಅಭಿಮಾನ. ಆದರೂ ಹೇಳಲೇಬೇಕು: ಕಲಿಯಲು ಆರಂಭಿಸುವವರಿಗೆ ಪಿ.ಪಿ. ಸೂಕ್ತವಲ್ಲ. ನಳಿಗೆ ಹತ್ತು ಸೆಂಟಿಮೀಟರ್ ಕೂಡ ಇಲ್ಲ, ಗುರಿಕಣ್ಣುಗಳು ಸಣ್ಣವು, ಅವುಗಳನ್ನು ಹೊಂದಿಸಲು ಬರುವುದಿಲ್ಲ, ಮೊದಲ ಗುಂಡಿಗೆ ಕುದುರೆ ಬಹಳ ಭಾರ. ಗುಂಡು ಎಡಕ್ಕೆ ಹೋದರೆ ತಪ್ಪು ಕೈಯದೋ ಯಂತ್ರದ್ದೋ ಎಂದು ಹೊಸಬರಿಗೆ ತಿಳಿಯುವುದೇ ಇಲ್ಲ. ಕ್ಲಬ್ಬಿನ ಹತ್ತು ಮೀಟರ್ ಏರ್ ಪಿಸ್ತೂಲಿನಲ್ಲಿ ಮೊದಲು ಕೈ ಕುದುರಲಿ.

ವರಳಿಯ ಹಳಬ, ಮುಂಬಯಿ

ಭಿನ್ನಾಭಿಪ್ರಾಯವಿದೆ. ಪದಕ ಅವರ ಉದ್ದೇಶವಲ್ಲ, ತಂದೆಯ ಪಿಸ್ತೂಲನ್ನು ಬಲ್ಲವರಾಗಿ ಬಳಸುವುದು ಅವರ ಉದ್ದೇಶ. ಪಿನ್ನಿಗೆ ಬಡಿಯುವ ಹ್ಯಾಮರನ್ನು ಹೆಬ್ಬೆರಳಿನಿಂದ ಹಿಂದಕ್ಕೆಳೆದು ಸಿಂಗಲ್ ಆ್ಯಕ್ಷನ್‌ನಲ್ಲಿ ಹಾರಿಸಿದರೆ ಆ ಭಾರವೂ ಇಲ್ಲ. ಗುರಿಯನ್ನು ಹತ್ತು ಮೀಟರಿಗೆ ತಂದು ನಿಲ್ಲಿಸಲಿ. ಸಣ್ಣ ಗುರಿಕಣ್ಣಿನಲ್ಲಿ ಕಲಿತವರ ಕಣ್ಣು ಮುಂದೆ ಯಾವ ಪಿಸ್ತೂಲಿಗೂ ಹೊಂದಿಕೊಳ್ಳುತ್ತದೆ.

ಬಾಲೇವಾಡಿ ಅಭ್ಯಾಸಿ

ಕಣ್ಣು ಹೊಂದಿಕೊಳ್ಳಬಹುದು, ಬೆರಳು ಕಲಿತ ಕೆಟ್ಟ ಅಭ್ಯಾಸ ಹೋಗುವುದಿಲ್ಲ. ತರಬೇತುದಾರರು ತಿಂಗಳುಗಟ್ಟಲೆ ಬಿಡಿಸುವುದು ಅದನ್ನೇ. ಏರ್ ಪಿಸ್ತೂಲಿನಲ್ಲಿ ಹಿಂದೊದೆತವೂ ಸದ್ದೂ ತೀರ ಕಡಿಮೆ ಇರುವುದರಿಂದ ಬೆರಳಿನ ತಪ್ಪು ಅಲ್ಲೇ ಕಣ್ಣಿಗೆ ಬೀಳುತ್ತದೆ. ಪಿ.ಪಿ.ಯನ್ನು ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ, ಅದು ಎರಡನೆಯ ವರ್ಷಕ್ಕಿರಲಿ ಎನ್ನುತ್ತಿದ್ದೇನೆ. ಅವರ ಪರವಾನಗಿ ಬರುವುದಕ್ಕೂ ಸಮಯ ಹಿಡಿಯುತ್ತದೆ, ಅಷ್ಟರಲ್ಲಿ ಏರ್ ಪಿಸ್ತೂಲಿನ ಪಾಠ ಆಗಿರುತ್ತದೆ.

ವರಳಿಯ ಹಳಬ, ಮುಂಬಯಿ

ಪರವಾನಗಿ ಬರುವವರೆಗೆ ಎಂಬ ಲೆಕ್ಕದಲ್ಲಿ ನಿಮ್ಮ ಸಲಹೆ ಸರಿಯೇ ಇದೆ.

ಕೋಥ್ರೂಡ್ ನಿವಾಸಿ, ಪುಣೆ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ತಂದೆಯವರು ತಮ್ಮ ಕೈಯಿಂದಲೇ ಆಯಸ್ಕಾಂತ ಹಿಡಿದು ನೋಡಿದರು, ಅದು ಗಟ್ಟಿಯಾಗಿ ಅಂಟಿತು, ಚೌಕಟ್ಟು ಉಕ್ಕಿನದೇ. ಸಂಖ್ಯೆಯ ಕೊನೆಯಲ್ಲಿ ಅಕ್ಷರವಿಲ್ಲ. ಅಣ್ಣ ಒಪ್ಪಿಗೆಪತ್ರಕ್ಕೆ ಸಹಿ ಹಾಕುವುದಾಗಿ ಹೇಳಿದ್ದಾನೆ. ಈಗ ಇನ್ನೊಂದು ವಿಷಯ. ತಂದೆಯವರ ಪೆಟ್ಟಿಗೆಯಲ್ಲಿ ಹಳೆಯ .22 ತೋಟೆಗಳ ಅರ್ಧ ಡಬ್ಬಿಯಿದೆ, ಅವೂ ಪರವಾನಗಿಯಲ್ಲಿ ನಮೂದಾಗಿವೆ. ಹಿತ್ತಾಳೆಯ ಮೇಲೆ ಹಸಿರು ಕಿಲುಬು, ಸೀಸದ ಮೇಲೆ ಬಿಳಿ ಪುಡಿ ಕಾಣುತ್ತದೆ. ಇವುಗಳನ್ನು ಏನು ಮಾಡಬೇಕು? ಹಾರಿಸುವಾಗ ತೋಟೆ ಹುಸಿಯಾದರೆ ಏನು ಮಾಡಬೇಕೆಂಬುದನ್ನೂ ತಿಳಿಸಿ.

ವರಳಿಯ ಹಳಬ, ಮುಂಬಯಿ

ಆ ತೋಟೆಗಳನ್ನು ಹಾರಿಸಲೇಬೇಡಿ, ಉಜ್ಜಿ ಸ್ವಚ್ಛ ಮಾಡಲೂ ಹೋಗಬೇಡಿ. ತಂದೆಯವರ ಮೂಲಕ ಪರವಾನಗಿ ಇರುವ ವ್ಯಾಪಾರಿಗೆ ಒಪ್ಪಿಸಿ, ಪರವಾನಗಿ ಪುಸ್ತಕದಲ್ಲಿ ನಮೂದು ಮಾಡಿಸಿ. ಹಳೆಯ ತೋಟೆಗಳ ಸಿಡಿಮದ್ದಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು, ಅದು ಉರಿದ ಮೇಲೆ ಉಳಿಯುವ ಉಪ್ಪು ಗಾಳಿಯ ತೇವವನ್ನು ಎಳೆದುಕೊಂಡು ನಳಿಗೆಯನ್ನು ತಿನ್ನುತ್ತದೆ. ತಂದೆಯವರು ಅಂತಹ ತೋಟೆಗಳನ್ನು ಹಿಂದೆ ಬಳಸಿದ್ದರೆ ನಳಿಗೆಯೊಳಗೆ ಬೆಳಕು ಹಾಯಿಸಿ ನೋಡಿ. ಸುರುಳಿಗೆರೆಗಳ ನಡುವೆ ಕಪ್ಪು ಚುಕ್ಕೆಗಳಿದ್ದರೂ ಗುರಿ ತೀರ ಕೆಡುವುದಿಲ್ಲ, ಆದರೆ ಸೀಸ ಬೇಗ ಕಟ್ಟಿಕೊಳ್ಳುತ್ತದೆ.

ತೋಟೆ ಹುಸಿಯಾದರೆ ಪಿಸ್ತೂಲನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಬೇಕು, ಏಕೆಂದರೆ ಕೆಲವೊಮ್ಮೆ ಅದು ತಡವಾಗಿ ಸಿಡಿಯುತ್ತದೆ. ಆಮೇಲೆ ಮ್ಯಾಗಜೀನ್ ತೆಗೆದು, ಸ್ಲೈಡು ಎಳೆದು ಹೊರತೆಗೆಯಿರಿ. ಅಂಚಿನ ಮೇಲೆ ಪಿನ್ನಿನ ಗುರುತು ಆಳವಾಗಿ ಬಿದ್ದಿದ್ದರೆ ದೋಷ ತೋಟೆಯದು, ಆಳವಿಲ್ಲದೆ ಮೇಲಮೇಲಷ್ಟೇ ಬಿದ್ದಿದ್ದರೆ ಪಿಸ್ತೂಲಿನದು. ಅದಕ್ಕಿಂತ ಮುಖ್ಯವಾದದ್ದು, ಹೊಡೆತದ ಸದ್ದು ಎಂದಿಗಿಂತ ಕುಗ್ಗಿ ಪುಸ್ ಎಂದರೆ ಅಲ್ಲಿಗೇ ನಿಲ್ಲಿಸಬೇಕು. ಗುಂಡು ನಳಿಗೆಯಲ್ಲೇ ಉಳಿದಿರಬಹುದು. ಅದರ ಹಿಂದೆ ಇನ್ನೊಂದನ್ನು ಹಾರಿಸಿದರೆ ಇಷ್ಟು ವರ್ಷ ಬಾಳಿದ ನಳಿಗೆ ಒಂದೇ ಕ್ಷಣದಲ್ಲಿ ಉಬ್ಬಿಹೋಗುತ್ತದೆ, ನಿಮ್ಮ ಕೈಗೂ ಗಾಯವಾಗುತ್ತದೆ.

ಸ್ಲೈಡಿನ ಮೇಲಿನ ಸುರಕ್ಷತಾ ಸನ್ನೆಯನ್ನು ಕೆಳಗೊತ್ತಿದರೆ ಹ್ಯಾಮರು ತಾನಾಗಿ ಇಳಿಯುತ್ತದೆ ಎಂಬುದನ್ನು ತಂದೆಯವರು ತೋರಿಸಿರಬಹುದು. ಇಷ್ಟು ಹಳೆಯ ಪಿಸ್ತೂಲಿನಲ್ಲಿ ತೋಟೆ ಒಳಗಿರುವಾಗ ಅದನ್ನು ನಂಬಬೇಡಿ, ತಡೆಯುವ ಭಾಗ ಸವೆದಿದ್ದರೆ ಗುಂಡು ಹಾರಿಬಿಡುತ್ತದೆ. ರಿಪೇರಿಗಾರರು ಪರೀಕ್ಷಿಸಬೇಕಾದ ಪಟ್ಟಿಯಲ್ಲಿ ಇದನ್ನು ಮೊದಲಿಗೆ ಬರೆಯಿರಿ.

ಬಾಲೇವಾಡಿ ಅಭ್ಯಾಸಿ

ಇವುಗಳ ಜೊತೆಗೆ ಇನ್ನೊಂದನ್ನು ಸೇರಿಸುತ್ತೇನೆ: ಕಣ್ಣಿಗೆ ಕನ್ನಡಕ, ಕಿವಿಗೆ ಕಾಪು ಇಲ್ಲದೆ ಒಂದು ಗುಂಡನ್ನೂ ಹಾರಿಸಬೇಡಿ. .22ರ ಗುಂಡು ಬರಿಯ ಸೀಸದ್ದಾಗಿರುವುದರಿಂದ ಮುಗಿದ ಕೂಡಲೇ ಸೋಪು ಹಚ್ಚಿ ಕೈ ತೊಳೆಯಿರಿ, ಅದಕ್ಕೆ ಮುಂಚೆ ಏನನ್ನೂ ತಿನ್ನಬೇಡಿ, ಮಕ್ಕಳನ್ನು ಎತ್ತಿಕೊಳ್ಳಬೇಡಿ.

ಮಡಗಾಂವ್ ಪೈ, ಗೋವಾ

ಮುಂದೆ ಎಂದಾದರೂ ಪಿಸ್ತೂಲಿನೊಂದಿಗೆ ಗೋವಾಕ್ಕೆ ಬರುವ ಯೋಚನೆ ಇದ್ದರೆ, ಪರವಾನಗಿಯ ವ್ಯಾಪ್ತಿ ಮಹಾರಾಷ್ಟ್ರಕ್ಕೆ ಮಾತ್ರವೋ ಇಡೀ ದೇಶಕ್ಕೋ ಎಂಬುದನ್ನು ಅರ್ಜಿಯ ಹಂತದಲ್ಲೇ ಕೇಳಿಕೊಳ್ಳಿ. ಚುನಾವಣೆ ಘೋಷಣೆಯಾದಾಗ ಆಯುಧ ಠೇವಣಿ ಇಡಲು ಸೂಚನೆ ಬಂದರೆ, ಕೊಡುವಾಗಿನ ಸ್ಥಿತಿಯನ್ನು ಫೋಟೋ ಸಮೇತ ದಾಖಲಿಸಿ, ಎಣ್ಣೆ ಒರೆಸಿ, ಎಣ್ಣೆಕಾಗದದಲ್ಲಿ ಸುತ್ತಿ ಕೊಡಿ. ಮಳೆಗಾಲಕ್ಕೆ ಮುಂಚೆ ಅದನ್ನು ಬಿಡಿಸಿಕೊಂಡು ಬರುವುದು ನಿಮ್ಮ ಜವಾಬ್ದಾರಿ.